ಅಮ್ಮನ ಮಂಡಿಗೆ ಕೀಹೋಲ್ ಆಪರೇಷನ್ ಅಂತಿದಾರೆ, ಮಾಡಿಸ್ಲಾ ಬೇಡ್ವಾ?

ಮೂರನೇ_ಮಹಡಿ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಅಮ್ಮನಿಗೆ 57. ಮನೆ ತ್ಯಾಗರಾಜನಗರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ದಿನಾ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ ಕೆರೆ ಸುತ್ತ ಒಂದು ರೌಂಡ್ ಹಾಕ್ಕೊಂಡು ಬರೋರು. ಮೂರು ತಿಂಗಳಿಂದ ಬಲಗಾಲು ಮಂಡಿ ಒಳಮಗ್ಗುಲಲ್ಲಿ ನೋವು. ಬಿದ್ದಿಲ್ಲ, ಉಳುಕಿಲ್ಲ. ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಕುಕ್ಕುರುಗಾಲಲ್ಲಿ ಕೂತು ರಂಗೋಲಿ ಹಾಕಿದ್ರೆ ಏಳೋಕೆ ಗೇಟ್ ಹಿಡ್ಕೋಬೇಕು.

ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆ. ಎಂಆರ್‌ಐ ಮಾಡ್ಸಿದ್ರು. ರಿಪೋರ್ಟ್‌ನಲ್ಲಿ 'ಮೀಡಿಯಲ್ ಮೆನಿಸ್ಕಸ್ ಪೋಸ್ಟೀರಿಯರ್ ಹಾರ್ನ್, ಗ್ರೇಡ್ 3 ಟೇರ್' ಅಂತಿದೆ, ಅಂದ್ರೆ ಮಂಡಿ ಒಳಮಗ್ಗುಲ ಮೆತ್ತೆ ಹಿಂಭಾಗದಲ್ಲಿ ಹರಿದಿದೆಯಂತೆ. ಡಾಕ್ಟ್ರು ಐದು ನಿಮಿಷ ನೋಡಿ, "ಆರ್ತ್ರೋಸ್ಕೊಪಿ ಮಾಡಿ, ಅಂದ್ರೆ ತೂತಲ್ಲಿ ಕ್ಯಾಮೆರಾ ಬಿಟ್ಟು, ಒಳಗೆ ಕ್ಲೀನ್ ಮಾಡ್ಬಿಡೋಣ, ಎರಡೇ ತೂತು, ಮಾರನೇ ದಿನ ನಡೀಬಹುದು" ಅಂದ್ರು. 1 ಲಕ್ಷ 35 ಸಾವಿರ. ಹೊರಗೆ ಬಂದ್ರೆ ಡೆಸ್ಕಲ್ಲಿದ್ದ ಹುಡುಗಿ ಮೊದಲು ಕೇಳಿದ್ದೇ ಪಾಲಿಸಿ ನಂಬರ್. ಎಡಗಾಲಾ ಬಲಗಾಲಾ ಅಂತ ಆಮೇಲೆ ಕೇಳಿದ್ಳು.

ಅಮ್ಮ "ಹರಿದಿದೆ ಅಂದ್ಮೇಲೆ ಹೊಲಿಸ್ಲೇಬೇಕಲ್ವೇನೋ" ಅಂತಾರೆ. ಅಪ್ಪ ಬೇಡ ಅಂತಾರೆ. ಮಾಡಿಸಿರೋರು ಯಾರಾದ್ರೂ ಇದ್ರೆ ಹೇಳಿ.

ಟರ್ಫ್_ಟೈಗರ್
ಕಣ್ಮುಚ್ಕೊಂಡು ಮಾಡಿಸಿ ಗುರು. ನಂಗೆ 26ರಲ್ಲಿ ಆಯ್ತು. ಎಚ್‌ಎಸ್‌ಆರ್ ಟರ್ಫಲ್ಲಿ ಫುಟ್ಬಾಲ್ ಆಡ್ತಾ ತಿರುಗಿದೆ, ಕಾಲು ನಿಂತಲ್ಲೇ ಇತ್ತು, ನಾನೊಬ್ನೇ ತಿರುಗಿದ್ದು. ಮಂಡಿ ಅರ್ಧಕ್ಕೆ ಲಾಕ್. ಮಡಚಕ್ಕೂ ಆಗಲ್ಲ, ನೀಟಕ್ಕೂ ಆಗಲ್ಲ. ಫ್ರೆಂಡ್ಸ್ ಆಟೋದಲ್ಲಿ ಅಡ್ಡ ಮಲಗಿಸ್ಕೊಂಡು ಹೋದ್ರು.

ಸ್ಪೈನಲ್ (ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್) ಕೊಟ್ಟಿದ್ರಿಂದ ಆಪರೇಷನ್ ಪೂರ್ತಿ ಎಚ್ಚರ ಇದ್ದೆ. ಸೊಂಟದಿಂದ ಕೆಳಗೆ ಬೇರೆ ಯಾರದೋ ಕಾಲು ಇದ್ದಂಗೆ. ಡಾಕ್ಟ್ರು ಸ್ಕ್ರೀನ್ ನನ್ ಕಡೆ ತಿರುಗಿಸಿ "ನೋಡಪ್ಪಾ ನಿನ್ ಮಂಡಿ" ಅಂದ್ರು. ಒಳಗೆಲ್ಲ ಸಲೈನ್ ತುಂಬಿಸಿರ್ತಾರೆ, ನೀರೊಳಗೆ ಕ್ಯಾಮೆರಾ ಬಿಟ್ಟಂಗೆ ಕಾಣತ್ತೆ. ಮೆನಿಸ್ಕಸ್ ಅಂದ್ರೆ ಎಳನೀರು ಗಂಜಿ ಥರ ಬೆಳ್ಳಗೆ, ನುಣ್ಣಗೆ. ನಂದು ಉದ್ದಕ್ಕೆ ಸೀಳಿ ಒಂದು ಪಟ್ಟಿ ಮಗುಚಿ ಕೀಲಿನ ಮಧ್ಯಕ್ಕೆ ಬಂದು ಕೂತಿತ್ತು. ಒಂದು ಸಣ್ಣ ಕಡ್ಡಿ ತಂದು ಅದನ್ನ ಮೆಲ್ಲಗೆ ಹಿಂದಕ್ಕೆ ತಳ್ಳಿದ್ರು, 'ಪುಳಕ್' ಅಂತ ಜಾಗಕ್ಕೆ ಹೋಗಿ ಕೂತ್ಕೊಳ್ತು. ಆಮೇಲೆ ಹೊಲಿದ್ರು. ಈಗ ವಾರಕ್ಕೆರಡು ದಿನ ಆಡ್ತೀನಿ.

ಎಕ್ಕದೆಲೆ
ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿ. 1 ಲಕ್ಷ 35 ಸಾವಿರ ಉಳಿಯತ್ತೆ.

ಎರಡನೇ_ಒಪಿನಿಯನ್
ಟೈಗರ್ ಅವ್ರೇ, ನಿಮ್ಮ ಕಥೆ ಚೆನ್ನಾಗಿದೆ. ಆದ್ರೆ ನೀವು 26ರ ಹುಡುಗ, ಅವ್ರು 57ರ ಅಮ್ಮ. ಎರಡಕ್ಕೂ 'ಟೇರ್' ಅಂತ ಒಂದೇ ಪದ ಬಳಸೋದ್ರಿಂದ್ಲೇ ಅರ್ಧ ಎಡವಟ್ಟು. ನಿಮ್ದು ಹೊಸ ಪಂಚೆ ಮುಳ್ಳಿಗೆ ಸಿಕ್ಕಿ ಹರಿದಿದ್ದು. ವಯಸ್ಸಾದ ಮಂಡಿಲಿ ಆಗೋದು ಉಟ್ಟು ಉಟ್ಟು ಪಿಸಿದಿದ್ದು.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದು ಪ್ರಯೋಗ ಮಾಡಿದ್ರು, 2002ರಲ್ಲಿ ಅದರ ವರದಿ ಬಂತು. ಮಂಡಿ ಸವೆದಿದ್ದ 180 ಜನ. ಕೆಲವರಿಗೆ ನಿಜವಾಗ್ಲೂ ಆರ್ತ್ರೋಸ್ಕೊಪಿ ಮಾಡಿ ತೊಳೆದ್ರು, ಕೆರೆದ್ರು. ಇನ್ನು ಕೆಲವರಿಗೆ ಬರೀ ಚರ್ಮದ ಮೇಲೆ ಗಾಯ ಮಾಡಿ, ತೊಳೆಯೋ ಶಬ್ದ ಬರ್ಲಿ ಅಂತ ಪಕ್ಕದಲ್ಲಿ ನೀರು ಚೆಲ್ಲಿ, ಹೊಲಿಗೆ ಹಾಕಿ ಕಳಿಸಿದ್ರು. ಎರಡು ವರ್ಷ ನೋಡಿದ್ರು. ಎರಡು ಗುಂಪಿಗೂ ಏನೂ ವ್ಯತ್ಯಾಸ ಇಲ್ಲ.

ಅದು ಸವೆತ, ಇದು ಹರಿದಿದ್ದು ಅಂತೀರಾ? ಫಿನ್‌ಲ್ಯಾಂಡ್‌ನೋರು 2013ರಲ್ಲಿ ಅದನ್ನೂ ನೋಡಿದಾರೆ. 35ರಿಂದ 65 ವಯಸ್ಸಿನ 146 ಜನ, ಏಟು ಬೀಳದೇ ತಾನಾಗೇ ಹರಿದ ಮೆನಿಸ್ಕಸ್. ಕತ್ತರಿಸಿದವರೂ, ಕತ್ತರಿಸಿದ ಹಾಗೆ ನಟಿಸಿ ಬಿಟ್ಟವರೂ ವರ್ಷದ ಕೊನೆಗೆ ಒಂದೇ ಥರ ಇದ್ರು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ, ಸವೆತದ ಮಂಡಿಗೆ ಆರ್ತ್ರೋಸ್ಕೊಪಿ ಬೇಡ ಅಂತ್ಲೇ ಗಟ್ಟಿಯಾಗಿ ಹೇಳಿದೆ.

ಟರ್ಫ್_ಟೈಗರ್
ಅಂದ್ರೆ ಡಾಕ್ಟ್ರೆಲ್ಲ ಕಳ್ರು, ನೀವೊಬ್ರೇ ಸಾಚಾ? ಫಿನ್‌ಲ್ಯಾಂಡಲ್ಲಿ ಯಾರು ಸ್ವಾಮಿ ಕುಕ್ಕುರುಗಾಲಲ್ಲಿ ರಂಗೋಲಿ ಹಾಕ್ತಾರೆ?

ಎರಡನೇ_ಒಪಿನಿಯನ್
ಕಳ್ರು ಅಂತ ನಾನೆಲ್ಲಂದೆ? ರಂಗೋಲಿ ಪಾಯಿಂಟ್ ಮಾತ್ರ ಒಪ್ಪಿದೆ.

ಫಿಸಿಯೋ_ಜಯನಗರ
ಮೂರನೇ ಮಹಡಿಯವ್ರೇ, ಒಂದು ಪ್ರಶ್ನೆ. ಎಕ್ಸ್‌ರೇ ತೆಗೆಸಿದ್ರಾ? ನಿಂತ್ಕೊಂಡು ತೆಗೆಸಿದ್ದಾ ಮಲಗಿಸಿ ತೆಗೆಸಿದ್ದಾ?

ಮೂರನೇ_ಮಹಡಿ
ತೆಗೆದಿದ್ರು ಮೇಡಂ. ಮಲಗಿಸಿಯೇ. ನಾರ್ಮಲ್ ಅಂದ್ರು.

ಫಿಸಿಯೋ_ಜಯನಗರ
ನೋಡಿ, ಇದೇ. ಮಲಗಿದಾಗ ಮಂಡಿ ಮೇಲೆ ಭಾರ ಇರಲ್ಲ, ಎರಡು ಮೂಳೆ ನಡುವೆ ಸಂದು ಚೆನ್ನಾಗೇ ಕಾಣತ್ತೆ. ನಿಲ್ಲಿಸಿ ತೆಗೆದ್ರೆ ಆ ಸಂದು ಎಷ್ಟು ಮುಚ್ಚಿದೆ ಅಂತ ಗೊತ್ತಾಗೋದು. 50 ದಾಟಿದವರಿಗೆ ಮೊದಲು ಕಮ್ಮಿ ಖರ್ಚಿನ ನಿಂತ ಎಕ್ಸ್‌ರೇ ಬಿಟ್ಟು ಸಾವಿರಗಟ್ಟಲೆ ಎಂಆರ್‌ಐಗೆ ಕಳಿಸೋದು ನಂಗಂತೂ ಅರ್ಥ ಆಗಿಲ್ಲ.

ಇನ್ನೊಂದು. ಎಂಆರ್‌ಐಯಲ್ಲಿ ಹರಿದಿದೆ ಅಂತ ಬಂದ್ರೆ ನೋವು ಅದರಿಂದ್ಲೇ ಅಂತಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 50 ದಾಟಿದ 991 ಜನರ ಮಂಡಿ ಸ್ಕ್ಯಾನ್ ಮಾಡಿದ್ರು, 2008ರಲ್ಲಿ ಬಂತು ಅದು. ಮೆನಿಸ್ಕಸ್ ಹರಿದಿದ್ದವರಲ್ಲಿ 61% ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರ್ಲಿಲ್ಲ, ಬಿಗಿತಾನೂ ಇರ್ಲಿಲ್ಲ! ತಲೆಕೂದಲು ಬೆಳ್ಳಗಾದಂಗೆ ಇದೂ ಅಂದ್ಕೊಳ್ಳಿ.

ತೊಡೆ ಸ್ನಾಯು ಗಟ್ಟಿ ಮಾಡಿ. ಮಂಡಿ ಕೆಳಗೆ ಟವಲ್ ಸುರುಳಿ ಇಟ್ಟು ಒತ್ತಿ ಹತ್ತು ಎಣಿಸೋದು, ಕಾಲು ನೀಟಾಗಿಟ್ಟು ಒಂದಡಿ ಎತ್ತೋದು, ಕುರ್ಚಿಯಿಂದ ಕೈ ಊರದೇ ಏಳೋದು. ಮೂರು ತಿಂಗಳು ಬಿಡದೇ. ಎಲ್ರೂ ಮೂರನೇ ವಾರಕ್ಕೆ ನಿಲ್ಲಿಸ್ತಾರೆ, ಆಮೇಲೆ ಫಿಸಿಯೋ ಕೆಲಸ ಮಾಡಲ್ಲ ಅಂತ ನನ್ ಹತ್ರಾನೇ ಬಂದು ಜಗಳ ಆಡ್ತಾರೆ.

ಧಾರವಾಡ_ಪೇಡೆ
ನಮ್ಮ ಮಾವಗ ಹಿಂಗ ಆಗಿತ್ರೀ. 61 ವಯಸ್ಸು. ಬೆಂಗ್ಳೂರಾಗ ಒಂದ್ ಆಸ್ಪತ್ರ್ಯಾಗ ಮಾಡ್ಸಿದ್ವಿ, ಹೆಸರ್ ಬ್ಯಾಡ. ಇದ ಮಾತು, ಒಳಗ ಕ್ಲೀನ್ ಮಾಡ್ತೀವಿ ಅಂತ. ಮಂಡಿ ಏನ್ ಪಾತ್ರೆ ಏನ್ರೀ ತಿಕ್ಕಾಕ? ಒಂದ್ ನಾಕ್ ತಿಂಗ್ಳ ಆರಾಮ ಇದ್ರು, ಆಮ್ಯಾಲ ಮತ್ತ ಅದ ಕತಿ. ವರ್ಷದಾಗ ಪೂರಾ ಮಂಡಿ ಬದ್ಲಿ ಮಾಡ್ಬೇಕು ಅಂದ್ರು. ಹಂಗಾದ್ರ ಮದ್ಲ ಯಾಕ ಮಾಡಿದ್ರಿ ಅಂತ ಕೇಳಿದ್ರ, "ಅದು ಆಗಿನ ಕಂಡೀಷನ್, ಇದು ಈಗಿನ ಕಂಡೀಷನ್" ಅಂದ್ರು. ಮಾವ ಬರೀ ನಕ್ಕರು. ಅವ್ರು ಸಿಟ್ಟು ಬಂದಾಗ ನಗ್ತಾರ.

ಆರ್ಥೋ_ಪಿಜಿ
ಡ್ಯೂಟಿ ಮಧ್ಯೆ ಬರೀತಿದೀನಿ, ತಪ್ಪಿದ್ರೆ ಕ್ಷಮಿಸಿ. ಎರಡನೇ ಒಪಿನಿಯನ್ ಸರ್ ಹೇಳಿದ ಪ್ರಯೋಗಗಳು ಸರಿ. ಆದ್ರೆ "50 ದಾಟಿದ್ರೆ ಆರ್ತ್ರೋಸ್ಕೊಪಿ ಬೇಡ್ವೇ ಬೇಡ" ಅಂತ ಓದ್ಕೊಂಡ್ರೆ ಅದೂ ತಪ್ಪೇ.

ಮಂಡಿ ನಿಜವಾಗ್ಲೂ ಲಾಕ್ ಆದ್ರೆ, ಟೈಗರ್‌ಗೆ ಆದಂಗೆ, ಕಾಯಬಾರದು. ಅಂಥವ್ರನ್ನ ಆ ಫಿನ್‌ಲ್ಯಾಂಡ್ ಪ್ರಯೋಗಕ್ಕೇ ಸೇರಿಸ್ಕೊಂಡಿರ್ಲಿಲ್ಲ. ಕೀಲಲ್ಲಿ ಕೀವಾದ್ರೆ ತೊಳೀಲೇಬೇಕು. ಇನ್ನೊಂದು ತುಂಬಾ ಜನ ತಪ್ಪಿಸ್ಕೊಳ್ಳೋದು 'ರೂಟ್ ಟೇರ್'. ಮೆನಿಸ್ಕಸ್ ಅನ್ನೋದು ಅರ್ಧಚಂದ್ರಾಕಾರದ ಮೆತ್ತೆ, ಎರಡು ತುದಿ ಮೂಳೆಗೆ ಅಂಟಿರತ್ತೆ. ಹಿಂದಿನ ತುದಿ ಬುಡದಿಂದ ಕಿತ್ಕೊಂಡು ಬಂದ್ರೆ ಮೆತ್ತೆ ಹೊರಗೆ ಜಾರತ್ತೆ, ಇದ್ದೂ ಇಲ್ಲದಂಗೆ. ಆಮೇಲೆ ಮಂಡಿ ಬೇಗ ಬೇಗ ಸವೆಯತ್ತೆ. ಇದು 50ರ ಆಸುಪಾಸಿನ ಹೆಂಗಸರಲ್ಲೇ ಜಾಸ್ತಿ. ಕೂತು ಏಳೋವಾಗ್ಲೋ ಮೆಟ್ಟಿಲು ಇಳಿಯೋವಾಗ್ಲೋ ಮಂಡಿ ಹಿಂದೆ 'ಟಕ್' ಅಂದಿದ್ದು ಅವರಿಗೆ ನೆನಪಿರತ್ತೆ. ಸವೆತ ಇನ್ನೂ ಕಮ್ಮಿ ಇದ್ರೆ ಅದನ್ನ ಮೂಳೆಗೆ ವಾಪಸ್ ಹೊಲಿಯೋದ್ರಿಂದ ಲಾಭ ಇದೆ. ಅಮ್ಮನ್ನ ಕೇಳಿ, ಹಾಗೇನಾದ್ರೂ ಆಗಿತ್ತಾ ಅಂತ. ರಿಪೋರ್ಟಲ್ಲಿ 'ರೂಟ್', 'ಎಕ್ಸ್‌ಟ್ರೂಷನ್' (ಮೆತ್ತೆ ಹೊರಗೆ ಜಾರಿರೋದು) ಅನ್ನೋ ಪದ ಇದೆಯಾ ನೋಡಿ.

ಹೊಲಿಯೋದು ಬೇರೆ, ಕತ್ತರಿಸೋದು ಬೇರೆ. ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಹರಿಯತ್ತೆ, ಅಲ್ಲಿ ಹೊಲಿದ್ರೆ ಕೂಡತ್ತೆ. ಒಳ ಅಂಚಿಗೆ ರಕ್ತ ಇಲ್ಲ, ಹರಿದ ಚೂರು ಕತ್ತರಿಸಿ ನಯ ಮಾಡ್ತಾರೆ ಅಷ್ಟೆ. ಮಾರನೇ ದಿನ ನಡೀಬಹುದು ಅನ್ನೋದು ಕತ್ತರಿಸಿದವರಿಗೆ. 'ಕ್ಲೀನ್' ಅಂದ್ರೆ ಯಾವುದು ಅಂತ ಡಾಕ್ಟ್ರನ್ನೇ ಕೇಳಿ. ಕೇಳಿದ್ರೆ ಬೈಯಲ್ಲ. ಬೈದ್ರೆ ಬೇರೆ ಡಾಕ್ಟ್ರನ್ನ ನೋಡಿ.

ಟರ್ಫ್_ಟೈಗರ್
ಹೌದು, ನಂಗೆ ಹೊಲಿದಿದ್ರಿಂದ ಆರು ವಾರ ಕ್ರಚಸ್, ಬ್ರೇಸ್. ಅದು ಬರೆಯೋಕೆ ಮರೆತೆ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಕವರ್ ಹಾಸ್ಕೊಂಡು ಹಿಮ್ಮಡಿ ಜಾರಿಸಿ ಮಂಡಿ ಮಡಚೋ ಎಕ್ಸರ್‌ಸೈಜು. ದಿನಾ 'ಸರ್ ಸರ್' ಸದ್ದು ಕೇಳಿ ಕೇಳಿ ನಮ್ಮಜ್ಜಿ ಮನೇಲಿ ಇಲಿ ಬಂದಿದೆ ಅಂದ್ಕೊಂಡಿದ್ರು.

ಪಾರಿವಾಳ_ಕಾಳು
ಸ್ವಲ್ಪ ಇತಿಹಾಸ. ಈ ವಿದ್ಯೆ ಶುರುವಾಗಿದ್ದು ಜಪಾನಲ್ಲಿ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಅನ್ನೋ ಡಾಕ್ಟ್ರು, ಮೂತ್ರಕೋಶ ನೋಡೋ ಕೊಳವೆಯನ್ನ ತಗೊಂಡು ಒಂದು ಹೆಣದ ಮಂಡಿ ಒಳಗೆ ಇಳಿಸಿ ನೋಡಿದ್ರು. ಆಗ ಅಲ್ಲಿ ಕ್ಷಯ ಮಂಡಿಗೆ ಬಂದು ಕೀಲು ಗಟ್ಟಿಯಾಗೋದು. ನೆಲದ ಮೇಲೆ ಮಂಡಿಯೂರಿ ಕೂರೋ ದೇಶದಲ್ಲಿ ಮಂಡಿ ಮಡಚಕ್ಕಾಗಲ್ಲ ಅಂದ್ರೆ ಊಟಕ್ಕೂ ಕಷ್ಟ. ಬೇಗ ಪತ್ತೆ ಹಚ್ಚೋಣ ಅಂತ ಅವರ ಯೋಚನೆ. ಅವರ ಶಿಷ್ಯ ಮಸಾಕಿ ವತನಾಬೆ 1962ರಲ್ಲಿ ಕೊಳವೆ ಮೂಲಕವೇ ಮೆನಿಸ್ಕಸ್ ಚೂರು ಕತ್ತರಿಸಿ ತೆಗೆದ್ರು. ಅಂತೂ ನೆಲದ ಮೇಲೆ ಕೂರೋರೇ ಕಂಡುಹಿಡಿದಿದ್ದು, ಟೈಗರ್ ಅವ್ರೇ!

ನಾಟಿ_ಊಟ
ಏನೇ ಮಾಡ್ಸಿ, ವಾರಕ್ಕೆರಡು ಸಲ ಕಾಲು ಸೂಪು ಕುಡಿಸಿ. ಮೆಣಸು ಜಾಸ್ತಿ ಹಾಕಿ.

ಮೂರನೇ_ಮಹಡಿ
ನಾವು ಸಸ್ಯಾಹಾರಿಗಳು ಅಣ್ಣ.

ನಾಟಿ_ಊಟ
ಹಂಗಾದ್ರೆ ನುಗ್ಗೆಸೊಪ್ಪಿನ ಸಾರು. ಆದ್ರೂ ಕಾಲು ಸೂಪಿನ ಮಜಾ ಬೇರೆ.

ಫಿಸಿಯೋ_ಜಯನಗರ
ಸೂಪು ರುಚಿಗೆ ಕುಡೀರಿ, ಬೇಡ ಅನ್ನಲ್ಲ. ಅದು ಹೊಟ್ಟೆಯಿಂದ ನೇರ ಮಂಡಿಗೆ ಇಳಿಯಲ್ಲ. ತೂಕ ಇಳಿಸಿ. ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ನಾಲ್ಕು ಕೆಜಿ ಭಾರ ಕಮ್ಮಿ. ಲಾಲ್‌ಬಾಗ್ ರೌಂಡ್ ಮುಗಿಸಿ ದರ್ಶಿನಿಯಲ್ಲಿ ಮಸಾಲೆ ದೋಸೆ ತಿನ್ನೋರು ಯಾರ್ಯಾರು ಅಂತ ನಂಗೆ ಗೊತ್ತು.

ಗುಂಡಿ_ಸಂತ್ರಸ್ತ
ಮಧ್ಯೆ ಬಾಯಿ ಹಾಕ್ತಿದೀನಿ. ನಂದು ಎಸಿಎಲ್, ಅಂದ್ರೆ ಮಂಡಿ ಮಧ್ಯೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್. ಮಳೇಲಿ ರೋಡ್ ಗುಂಡಿ ನೀರು ತುಂಬಿ ಕಾಣ್ಲಿಲ್ಲ, ಗಾಡಿ ಒಂದ್ ಕಡೆ, ನಾನೊಂದ್ ಕಡೆ. ಲಿಗಮೆಂಟ್ ಪೂರ್ತಿ ಹೋಗಿದೆ ಅಂದ್ರು. ವಯಸ್ಸು 31. ಯಾವಾಗ ಆಟ ಆಡಬಹುದು?

ಆರ್ಥೋ_ಪಿಜಿ
ಎಸಿಎಲ್‌ನ ಸಾಮಾನ್ಯವಾಗಿ ಹೊಲಿಯಲ್ಲ, ನಿಮ್ಮದೇ ತೊಡೆ ಹಿಂದಿನ ಸ್ನಾಯುರಜ್ಜು ತೆಗೆದು ಮೂಳೇಲಿ ಸುರಂಗ ಕೊರೆದು ಹೊಸದು ಕಟ್ತಾರೆ. ಊತ ಇಳಿದು ಮಂಡಿ ಪೂರ್ತಿ ನೀಟಾಗೋವರೆಗೂ ಮೊದಲು ಫಿಸಿಯೋ. ಆಟಕ್ಕೆ ಕಮ್ಮಿ ಅಂದ್ರೂ ಒಂಬತ್ತು ತಿಂಗಳು. ನಾಲ್ಕನೇ ತಿಂಗಳಿಗೆ ಏನೂ ಆಗಿಲ್ಲ ಅನ್ಸತ್ತೆ, ಆಗ್ಲೇ ಹುಷಾರಾಗಿರಬೇಕು. ಆಟ ಗೀಟ ಬೇಡ, ಆಫೀಸಿಗೆ ಹೋಗಿ ಬಂದ್ರೆ ಸಾಕು ಅನ್ನೋರಲ್ಲಿ ಕೆಲವ್ರು ಆಪರೇಷನ್ ಇಲ್ಲದೇನೂ ಚೆನ್ನಾಗಿರ್ತಾರೆ. ಮಂಡಿ ಜಾರಿದಂಗೆ ಆಗ್ತಿದ್ಯಾ ಅನ್ನೋದು ಮುಖ್ಯ.

ಗುಂಡಿ_ಸಂತ್ರಸ್ತ
ಮೆಟ್ಟಿಲಲ್ಲಿ ಎರಡು ಸಲ ಜಾರಿದಂಗಾಯ್ತು.

ಆರ್ಥೋ_ಪಿಜಿ
ಹಾಗಾದ್ರೆ ಬೇಗ ತೋರಿಸಿ.

ಬಿಲ್_ನೋಡಿದ್ರಾ
ಇನ್ಶೂರೆನ್ಸ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ನನ್ನ ಪಾಲಿಸಿಯಲ್ಲಿ ಅಪಘಾತ ಅಲ್ಲದ ಮೆನಿಸ್ಕಸ್, ಲಿಗಮೆಂಟ್‌ಗೆ ಎರಡು ವರ್ಷ ಕಾಯಬೇಕು ಅಂತ ಒಳಪುಟದಲ್ಲಿತ್ತು. ಸಹಿ ಹಾಕೋವಾಗ ಯಾರು ಓದ್ತಾರೆ? ಗುಂಡಿ ಅವ್ರೇ, ಹೇಗೆ ಬಿದ್ರಿ, ಯಾವ ತಾರೀಖು ಅನ್ನೋದು ಮೊದಲ ದಿನದ ಚೀಟೀಲೇ ಬರೆಸಿ. ನಾನು 'ಮಂಡಿ ನೋವು' ಅಂತಷ್ಟೇ ಬರೆಸಿ ಮೂರು ವಾರ ಫೋನಲ್ಲಿ ಕಾದಿದೀನಿ.

ಬಿಲ್ಲಲ್ಲಿ ಶೇವರ್ ಬ್ಲೇಡು, ವಾಂಡ್ (ಒಳಗೆ ಕೆರೆಯೋ, ಸುಡೋ ಸಾಮಾನು) ಅಂತ ದೊಡ್ಡ ದೊಡ್ಡ ಸಾಲು ಬರತ್ತೆ, ಮೊದಲೇ ಕೇಳಿ. ಒಳಗೆ ಸ್ಕ್ರೂ, ಬಟನ್ ಏನೇ ಹಾಕಿದ್ರೂ ಅದರ ಸ್ಟಿಕರ್ ಡಿಸ್ಚಾರ್ಜ್ ಫೈಲಲ್ಲಿ ಅಂಟಿಸಿ ಕೊಡಬೇಕು. ಇಲ್ಲಾಂದ್ರೆ ಕೇಳಿ ಇಸ್ಕೊಳ್ಳಿ.

ಸರ್ಕಾರಿ_ಸಾಲು
ಬಿಪಿಎಲ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವಿಚಾರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೇಲೂ ಆರ್ತ್ರೋಸ್ಕೊಪಿ ಮಾಡ್ತಾರೆ. ಕ್ಯೂ ಇರತ್ತೆ, ತಿಂಡಿ ಕಟ್ಕೊಂಡು ಹೋಗಿ.

ಕುಡ್ಲದ_ಬೊಂಡ
ಎಂಥ ಮಾರಾಯ್ರೆ, ನನಗೆ ಭುಜ. ಕೈ ಎತ್ತಲಿಕ್ಕೆ ಆಗುವುದಿಲ್ಲ, ಶರ್ಟು ಹಾಕಲಿಕ್ಕೆ ಹೆಂಡತಿ ಬೇಕು. ಶುಗರ್ ಉಂಟು. ಇದಕ್ಕೂ ತೂತು ಹಾಕ್ತಾರಾ?

ಫಿಸಿಯೋ_ಜಯನಗರ
ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳೋದು) ಇರಬಹುದು ಸರ್, ಶುಗರ್ ಇರೋರಿಗೆ ಜಾಸ್ತಿ. ಒಂದು ವರ್ಷ, ಎರಡು ವರ್ಷ ತಗೊಳ್ಳತ್ತೆ, ಆದ್ರೆ ಹೆಚ್ಚಿನವರಿಗೆ ಬಿಟ್ಟುಕೊಳ್ಳತ್ತೆ. ಶುಗರ್ ಹಿಡಿತಕ್ಕೆ ತನ್ನಿ, ಮೊದಲು ಡಾಕ್ಟ್ರಿಗೆ ತೋರಿಸಿ. ರೊಟೇಟರ್ ಕಫ್ (ಭುಜದ ಸುತ್ತಿನ ಸ್ನಾಯುರಜ್ಜು) ಹರಿದಿದ್ರೆ ಅದು ಬೇರೆ ವಿಷ್ಯ.

ಕುಡ್ಲದ_ಬೊಂಡ
ಎರಡು ವರ್ಷವಾ! ಹೆಂಡತಿಗೆ ಹೇಳುವುದಿಲ್ಲ.

ಧಾರವಾಡ_ಪೇಡೆ
ಒಂದ್ ಮಾತ್ ಮರ್ತಿದ್ದೆ. ಆಪರೇಷನ್ ಆದ ಆರನೇ ದಿನ ಮಾವನ ಮೀನಖಂಡ ಬಾತು ಬಿಸಿ ಆಗಿತ್ತು. ಫೋನ್ ಮಾಡಿದ್ರ ಐಸ್ ಇಡ್ರಿ ಅಂದ್ರು. ನಮ್ಮ ಓಣಿ ನರ್ಸ್ ಅಕ್ಕ ನೋಡಿ ಒದರ್ಯಾಡಿ ಕಳ್ಸಿದ್ಳು. ರಕ್ತ ಹೆಪ್ಪುಗಟ್ಟಿತ್ತು. ತೂತು ಸಣ್ಣದು ಅಂತ ಉಡಾಫಿ ಮಾಡಬ್ಯಾಡ್ರಿ.

ಆರ್ಥೋ_ಪಿಜಿ
ಆ ನರ್ಸ್ ಅಕ್ಕನಿಗೆ ನಮಸ್ಕಾರ. ಅಪರೂಪ, ಆದ್ರೆ ಆಗತ್ತೆ. ಮೀನಖಂಡ ಬಾವು, ಉಸಿರು ಕಟ್ಟೋದು, ಜ್ವರ, ತೂತಿಂದ ಕೀವು, ಇದ್ರಲ್ಲಿ ಯಾವುದಾದ್ರೂ ಕಂಡ್ರೆ ಫೋನ್ ಅಲ್ಲ, ನೇರ ಆಸ್ಪತ್ರೆ.

ಮೂರನೇ_ಮಹಡಿ
ಹನ್ನೆರಡು ದಿನ ಆಯ್ತು, ಅಪ್‌ಡೇಟ್.

ಅಮ್ಮನ್ನ ಕೇಳಿದೆ, 'ಟಕ್' ಅಂದಿದ್ದೇನೂ ನೆನಪಿಲ್ಲವಂತೆ. ಬೇರೆ ಡಾಕ್ಟ್ರ ಹತ್ರ ಹೋದ್ವಿ. ವಯಸ್ಸಾದವ್ರು. ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಅಮ್ಮನ್ನ ಮಂಚದ ಮೇಲೆ ಮಲಗಿಸಿ ಮಂಡಿ ತಿರುಗಿಸಿ, ಮಡಚಿ, ಒತ್ತಿ ನೋಡಿದ್ರು. ಆಮೇಲೆ ನಿಂತ ಎಕ್ಸ್‌ರೇ. ಒಳಮಗ್ಗುಲ ಸಂದು ಅರ್ಧಕ್ಕರ್ಧ ಮುಚ್ಚಿದೆ. ಎಂಆರ್‌ಐ ಫಿಲಂ ಬೆಳಕಿಗೆ ಹಿಡಿದು "ರೂಟ್ ಗಟ್ಟಿಯಾಗಿದೆ, ಇದು ಸವೆತದ ಹರುಕು, ನಾನಾದ್ರೆ ಮುಟ್ಟಲ್ಲ" ಅಂದ್ರು. ಅಮ್ಮ "ಮತ್ತೆ ಹರಿದಿದ್ದು ಹಾಗೇ ಇರತ್ತಾ?" ಅಂತ ಕೇಳಿದ್ರು. "ನನ್ ಮಂಡೀಲೂ ಹಾಗೇ ಇದೆಯಮ್ಮ" ಅಂದ್ರು.

ಮೂರು ತಿಂಗಳು ಫಿಸಿಯೋ, ತೂಕ, ಕುಕ್ಕುರುಗಾಲು ಬಂದ್. ಲಾಕ್ ಆದ್ರೆ ತಕ್ಷಣ ಬನ್ನಿ ಅಂದಿದಾರೆ. ಅಮ್ಮ ಸೀರಿಯಲ್ ನೋಡ್ತಾ ಟವಲ್ ಒತ್ತುತಾರೆ, ಜಾಹೀರಾತು ಬಂದಾಗ ಕಾಲು ಎತ್ತುತಾರೆ. ನೋವು ಹೋಗಿಲ್ಲ. ನಿನ್ನೆ ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಂಡ್ರು, ನನ್ ಭುಜ ಹಿಡ್ಕೊಳ್ಳಲಿಲ್ಲ. ರಂಗೋಲಿ ಮಾತ್ರ ಅಪ್ಪ ಹಾಕ್ತಿದಾರೆ. ನೋಡೋ ಹಾಗಿಲ್ಲ.

ಎರಡನೇ_ಒಪಿನಿಯನ್
ಅಪ್ಪನ ರಂಗೋಲಿ ಫೋಟೋ ಹಾಕಿ.

ಟರ್ಫ್_ಟೈಗರ್
ಸರಿ, ಕಣ್ಮುಚ್ಕೊಂಡು ಅಂದಿದ್ದು ವಾಪಸ್ ತಗೊಂಡೆ. ನಿಮ್ಮ ಬಿಲ್ಡಿಂಗ್‌ಗೆ ಲಿಫ್ಟ್ ಹಾಕಿಸೋ ಯೋಚನೆ ಇಲ್ವಾ?

ಮೂರನೇ_ಮಹಡಿ
ಗ್ರೌಂಡ್ ಫ್ಲೋರ್‌ನೋರು ದುಡ್ಡು ಕೊಡಲ್ಲ ಅಂತ ಕೂತಿದಾರೆ. ಮೀಟಿಂಗು ಭಾನುವಾರ, ಟೆರೇಸ್ ಮೇಲೆ. ಅಮ್ಮ ಹತ್ತಿ ಬರ್ತೀನಿ ಅಂತಿದಾರೆ.